ಕೌದಿಯ ಹೊಲಿಗೆಗೆ ಓರೆ ಬಿಸಿಲು

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಅಕ್ಷರಗಳು ಆಕೆಯ ಕೈಯಿಂದ ಕಲ್ಲಿನ ಮೇಲೆ ಮೂಡುತ್ತಿವೆ. ಇಂಥ ಶಿಲ್ಪಗಳ ಚಿತ್ರ ತೆಗೆದು ಪಳಗಿದವರು ಬಿಸಿಲು ಗೋಡೆಯನ್ನು ಪಕ್ಕದಿಂದ ಸವರುವ ಹೊತ್ತಿಗಾಗಿ ಕಾಯುತ್ತಾರೆ. ಬೆಳಕು ಎದುರಿನಿಂದ ಬಿದ್ದಾಗ ಒಡವೆಗಳ ಕುಸುರಿ ಕಲ್ಲಿನಲ್ಲೇ ಕರಗಿಹೋದಂತೆ ಕಾಣುತ್ತದೆ. ಅದೇ ಬೆಳಕು ಓರೆಯಾಗಿ ಬಿದ್ದರೆ ಉಬ್ಬಿದ ಕಡೆ ಹೊಳಪು, ತಗ್ಗಿದ ಕಡೆ ನೆರಳು. ಉಳಿ ಆಡಿದ ಒಂದೊಂದು ಗೆರೆಯೂ ಎದ್ದು ಬರುತ್ತದೆ.

ಹುಮನಾಬಾದ್ ಮತ್ತು ಪಕ್ಕದ ಬಸವಕಲ್ಯಾಣದ ಮಾಳಿಗೆಗಳ ಮೇಲೆ ಒಣಗುವ ಕೌದಿಗಳಿಗೂ ಬೇಕಾದದ್ದು ಇದೇ ಬೆಳಕು. ಕೌದಿಯೂ ಉಬ್ಬುತಗ್ಗುಗಳ ಕೆಲಸವೇ. ಸೂಜಿ ಪದರಗಳನ್ನು ಒಟ್ಟಿಗೆ ಬಿಗಿದ ಕಡೆ ತಗ್ಗು, ಬಿಟ್ಟ ಕಡೆ ಉಬ್ಬು. ಆದರೆ ಮೊಬೈಲಿನಲ್ಲಿ ತೆಗೆದ ಬಹುಪಾಲು ಕೌದಿ ಚಿತ್ರಗಳಲ್ಲಿ ಕೆಂಪು, ಹಸಿರು, ಹಳದಿ ಚೂರುಗಳಷ್ಟೇ ಕಾಣುತ್ತವೆ. ತಿಂಗಳುಗಟ್ಟಲೆ ಬೆರಳು ಸವೆಸಿ ಹಾಕಿದ ಹೊಲಿಗೆ ಎಲ್ಲಿಯೂ ಇರುವುದಿಲ್ಲ. ಅಂಥ ಚಿತ್ರದಲ್ಲಿ ಕೈಹೊಲಿಗೆಯ ಕೌದಿಗೂ ಕೌದಿಯ ನಮೂನೆಯನ್ನು ಅಚ್ಚು ಹಾಕಿದ ಗಿರಣಿಯ ಚಾದರಕ್ಕೂ ವ್ಯತ್ಯಾಸ ತಿಳಿಯದು. ಕೊಳ್ಳುವವರಿಗೆ ಚಿತ್ರ ಕಳಿಸಿಯೇ ವ್ಯಾಪಾರ ಕುದುರಿಸುವ ಈ ಕಾಲದಲ್ಲಿ ಹೊಲಿದ ಹೆಂಗಸಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅವಳ ದುಡಿಮೆಯೇ ಚಿತ್ರದಲ್ಲಿ ಕಾಣದಿದ್ದರೆ ಅದಕ್ಕೆ ಬೆಲೆ ಕಟ್ಟುವವರು ಯಾರು?

ಒಂದು ಕೌದಿಯಲ್ಲಿ ಎಷ್ಟು ಹೊಲಿಗೆ?

ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹತ್ತಿರದವು. 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ನೆಲ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಐದೂ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಕನ್ನಡದ ಮನೆಯ ಕೌದಿ ಮರಾಠಿ ಮನೆಯಲ್ಲಿ ಗೋಧಡಿಯಾಗುತ್ತದೆ. ಹೆಸರು ಬೇರೆಯಾದರೂ ಕೆಲಸ ಒಂದೇ. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ದಾಖಲಾಗುವ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಹಾಗಾಗಿ ಇಲ್ಲಿ ಕೌದಿ ಅಲಂಕಾರಕ್ಕೆ ಹುಟ್ಟಿದ್ದಲ್ಲ, ಚಳಿಗೆ ಹುಟ್ಟಿದ್ದು.

ಹೊಲಿಯುವ ಕ್ರಮ ಹೀಗೆ. ಉಟ್ಟು ಹಳತಾದ ನೂಲಿನ ಸೀರೆಯೊಂದನ್ನು ನೆಲಕ್ಕೆ ಹಾಸುತ್ತಾರೆ. ಅದರ ಮೇಲೆ ಹಳೆಯ ಧೋತರ, ಲುಂಗಿ, ಹರಿದ ಸೀರೆಯ ಒಳ್ಳೆಯ ಭಾಗಗಳು ಪದರ ಪದರವಾಗಿ ಕೂರುತ್ತವೆ. ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ಚೂರುಗಳು: ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸ, ಮಕ್ಕಳ ಅಂಗಿ, ದರ್ಜಿಯ ಅಂಗಡಿಯಿಂದ ಆರಿಸಿ ತಂದ ತುಂಡುಗಳು. ನಾಲ್ಕೂ ಅಂಚು ಮಡಚಿ, ಹೊರಗಿನಿಂದ ಒಳಗೆ ಸಾಲು ಸಾಲಾಗಿ ಟಾಕಿ ಹಾಕುತ್ತ ಬರುತ್ತಾರೆ. ಸೂಜಿ ಮೇಲಿನಿಂದ ಕೆಳಗಿಳಿದು, ಕೆಳಗಿನಿಂದ ಮೇಲೆದ್ದು ಸಾಗುವ ಸರಳ ಹೊಲಿಗೆಯಿದು. ಇಷ್ಟು ಸರಳವಾದದ್ದನ್ನು ಆರಡಿ ಉದ್ದಕ್ಕೂ ಒಂದೇ ಅಂತರದಲ್ಲಿ, ಒಂದೇ ಬಿಗಿಯಲ್ಲಿ ನಡೆಸಿಕೊಂಡು ಹೋಗುವುದರಲ್ಲಿ ಕೈಚಳಕವಿದೆ. ಉತ್ತರ ಕರ್ನಾಟಕದ ಕೆಲವೆಡೆ ಗೊಂದಲಿಗ ಸಮುದಾಯದ ಹೆಂಗಸರು ಊರೂರು ತಿರುಗಿ ಕೌದಿ ಹೊಲಿದುಕೊಡುವುದೂ ಉಂಟು. ಮಿಕ್ಕಂತೆ ಹೊಲದ ಕೆಲಸ ತಗ್ಗಿದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮನೆಯ ಹಿರಿಯ ಹೆಂಗಸರು ಪಡಸಾಲೆಯಲ್ಲಿ ಕೂತು ಮಾಡುವ ಕೆಲಸವಿದು.

ಒಂದು ಲೆಕ್ಕ ಹಾಕಿ ನೋಡಬಹುದು. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಯಲ್ಲಿ ಅರ್ಧ ಇಂಚಿಗೊಂದು ಸಾಲು ಹಾಕಿದರೆ 96 ಸಾಲುಗಳಾಗುತ್ತವೆ. ಒಂದೊಂದು ಸಾಲು 72 ಇಂಚು. ಒಟ್ಟು 6,912 ಇಂಚು, ಅಂದರೆ ಸುಮಾರು 175 ಮೀಟರ್ ಉದ್ದದ ಹೊಲಿಗೆ. ಇಂಚಿಗೆ ನಾಲ್ಕು ಟಾಕಿಯಂತೆ ಹಿಡಿದರೂ 27 ಸಾವಿರ ದಾಟುತ್ತದೆ. ಸಾಲುಗಳು ಇನ್ನೂ ಒತ್ತಾಗಿದ್ದರೆ ಈ ಸಂಖ್ಯೆ ದುಪ್ಪಟ್ಟಾಗಬಹುದು. ಕೌದಿಯ ಬೆಲೆ ಕೇಳಿ ಹುಬ್ಬೇರಿಸುವವರ ಮುಂದೆ ಇಡಬೇಕಾದ ಲೆಕ್ಕ ಇದು. ಚಿತ್ರ ತೆಗೆಯುವವರು ತೋರಿಸಬೇಕಾದದ್ದೂ ಇದನ್ನೇ.

ಹೊಲಿಗೆ ಎದ್ದು ಕಾಣಲು ಕೌದಿಯ ವಯಸ್ಸೂ ಕಾರಣ. ಹೊಸ ಕೌದಿ ಬಹುಮಟ್ಟಿಗೆ ಸಪಾಟಾಗಿರುತ್ತದೆ. ಒಗೆದಂತೆಲ್ಲ ನೂಲಿನ ಬಟ್ಟೆ, ದಾರ ಎರಡೂ ಕುಗ್ಗಿ, ಟಾಕಿಗಳ ನಡುವಿನ ಬಟ್ಟೆ ಸಣ್ಣ ಸಣ್ಣ ಅಲೆಗಳಾಗಿ ಮೇಲೇಳುತ್ತದೆ. ಹತ್ತಾರು ಮಳೆಗಾಲ ಕಂಡ ಕೌದಿಯ ಮೇಲೆ ಕೈಯಾಡಿಸಿದರೆ ಈ ಅಲೆಗಳು ಬೆರಳಿಗೆ ಸಿಗುತ್ತವೆ. ಬಣ್ಣ ಮಾಸಿದೆಯೆಂದು ಮೂಲೆಗೆ ಸೇರಿಸಿದ ಹಳೆಯ ಕೌದಿಯೇ ಕ್ಯಾಮೆರಾದ ಮುಂದೆ ಹೊಸದನ್ನು ಮೀರಿಸುವುದು ಇದೇ ಕಾರಣಕ್ಕೆ.

ಫ್ಲ್ಯಾಷ್ ಎಂಬ ಶತ್ರು

ಹೊಲಿಗೆ ಮಾಯವಾಗಲು ಮೊದಲ ಕಾರಣ ಮೊಬೈಲಿನ ಫ್ಲ್ಯಾಷ್. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಬೆಳಕು ಕ್ಯಾಮೆರಾ ನೋಡುವ ದಿಕ್ಕಿನಲ್ಲೇ ಹೋಗಿ ಬಟ್ಟೆಗೆ ಬಡಿಯುತ್ತದೆ. ಬಿದ್ದ ನೆರಳು ಟಾಕಿಯ ಹಿಂದೆಯೇ ಅಡಗಿಬಿಡುತ್ತದೆ, ಕ್ಯಾಮೆರಾ ಕಣ್ಣಿಗೆ ಸಿಗುವುದಿಲ್ಲ. ನೆರಳಿಲ್ಲದೆ ಆಳ ತಿಳಿಯದು. ಆದ್ದರಿಂದ ಕೌದಿಯ ಚಿತ್ರಕ್ಕೆ ಫ್ಲ್ಯಾಷ್ ಆರಿಸುವುದೇ ಮೊದಲ ಪಾಠ.

ಎರಡನೆಯ ಕಾರಣ ಹೊತ್ತು ಗೊತ್ತಿಲ್ಲದ ಬಿಸಿಲು. ಬಸವಕಲ್ಯಾಣ, ಹುಮನಾಬಾದ್ ಎರಡೂ ಸರಿಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಹಾಸಿದ ಕೌದಿಯನ್ನು ಮೇಲಿನಿಂದ ತೆಗೆದರೆ ಫ್ಲ್ಯಾಷ್ ಹಾಕಿದಷ್ಟೇ ಸಪ್ಪೆ ಚಿತ್ರ ಬರುತ್ತದೆ.

ಮೂರನೆಯದು ಮೋಡ ಕವಿದ ದಿನದ ಮೆತ್ತನೆಯ ಬೆಳಕು. ಬಣ್ಣಗಳನ್ನು ನಿಜವಾಗಿ ತೋರಿಸಲು ಅದರಷ್ಟು ಒಳ್ಳೆಯದು ಬೇರಿಲ್ಲ. ಆದರೆ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಹೊಲಿಗೆಗೆ ನೆರಳು ಕಟ್ಟುವುದಿಲ್ಲ. ಮಾರಾಟಕ್ಕೆ ಚಿತ್ರ ತೆಗೆಯುವವರು ಬಣ್ಣಕ್ಕೊಂದು, ಹೊಲಿಗೆಗೊಂದು ಎಂದು ಎರಡು ಬೆಳಕಿನಲ್ಲಿ ತೆಗೆಯುವುದೇ ಸರಿ.

ಬಿಸಿಲಿನ ಲೆಕ್ಕ

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ದಸರೆಯ ಆಸುಪಾಸಿನಲ್ಲಿ, ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗಿರುವಾಗ, ಈ ಊರುಗಳಲ್ಲಿ ಸೂರ್ಯ ಹುಟ್ಟಿದ ಒಂದು ಗಂಟೆಗೆ ಸುಮಾರು 14 ಡಿಗ್ರಿ, ಎರಡು ಗಂಟೆಗೆ ಸುಮಾರು 28 ಡಿಗ್ರಿ ಮೇಲೇರಿರುತ್ತಾನೆ. ಹಾಸಿದ ಕೌದಿಯ ಹೊಲಿಗೆಗೆ ಚೆನ್ನಾಗಿ ಒಪ್ಪುವುದು ಹತ್ತರಿಂದ ಮೂವತ್ತು ಡಿಗ್ರಿಯ ಬೆಳಕು. ಅಂದರೆ ಬೆಳಿಗ್ಗೆ ಏಳರಿಂದ ಎಂಟೂಕಾಲರವರೆಗೆ, ಸಂಜೆ ಮುಳುಗುವ ಮುಂಚಿನ ಅಷ್ಟೇ ಹೊತ್ತು. ಹತ್ತು ಡಿಗ್ರಿಗಿಂತ ಕೆಳಗಿನ ಬೆಳಕಿನಲ್ಲಿ ಬಟ್ಟೆಯ ಸಣ್ಣ ಸುಕ್ಕೂ ದೊಡ್ಡ ನೆರಳು ಎಳೆದು ಹೊಲಿಗೆಯನ್ನೇ ನುಂಗುತ್ತದೆ.

ತೂಗುಹಾಕಿದ ಕೌದಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಇಳಿಬಿಟ್ಟ ಕೌದಿಯ ಮೇಲೆ ಬೆಳಗಿನ ಬಿಸಿಲು ಎದುರಿನಿಂದ ಬೀಳುತ್ತದೆ, ಅದು ಪ್ರಯೋಜನವಿಲ್ಲ. ಹೊತ್ತು ಏರಿ ಸೂರ್ಯ ನೆತ್ತಿಗೆ ಸಮೀಪಿಸುವಾಗ ಬೆಳಕು ಮೇಲಿನಿಂದ ಗೋಡೆಯನ್ನು ಸವರುತ್ತ ಇಳಿಯತೊಡಗುತ್ತದೆ. ಬೇಸಿಗೆಯಲ್ಲಿ ಹನ್ನೊಂದೂಕಾಲರ ಹೊತ್ತಿಗೆ ಅದು ಸುಮಾರು 15 ಡಿಗ್ರಿಯ ಓರೆಯಲ್ಲಿರುತ್ತದೆ. ಹಾಸಿದ ಕೌದಿಗೆ ಕೆಡುಕಾದ ಹೊತ್ತು ತೂಗಿದ ಕೌದಿಗೆ ಒಳ್ಳೆಯದಾಗುವುದು ಹೀಗೆ. ಪಡುವಣ ಗೋಡೆಯಾದರೆ ನಡುಮಧ್ಯಾಹ್ನ ಕಳೆದು ಒಂದು ಗಂಟೆಗೆ ಅದೇ ಬೆಳಕು ಸಿಗುತ್ತದೆ.

ಬಿಸಿಲೇ ಬೇಕೆಂದೂ ಇಲ್ಲ. ಈ ಭಾಗದ ಹಳೆಯ ಮನೆಗಳಿಗೆ ದಪ್ಪ ಕಲ್ಲುಮಣ್ಣಿನ ಗೋಡೆ, ಒಂದೇ ಕಡೆ ದೊಡ್ಡ ಬಾಗಿಲು. ಒಳಗೆ ಕತ್ತಲು, ಬಾಗಿಲಿನಿಂದ ಮಾತ್ರ ಬೆಳಕು. ಸ್ಟುಡಿಯೊದವರು ಹಣ ಸುರಿದು ಕಟ್ಟಿಕೊಳ್ಳುವ ವ್ಯವಸ್ಥೆ ಇಲ್ಲಿ ತಾನಾಗಿಯೇ ಇದೆ. ಬಾಗಿಲ ಪಕ್ಕದ ಅಡ್ಡಗೋಡೆಗೆ ಕೌದಿಯನ್ನು ಇಳಿಬಿಟ್ಟರೆ ಬೆಳಕು ಒಂದೇ ಮಗ್ಗುಲಿನಿಂದ ಹರಿದು ಬರುತ್ತದೆ. ಬಾಗಿಲಿನಿಂದ ದೂರವಿರುವ ಅಂಚು ತೀರ ಕಪ್ಪಾದರೆ ಆ ಬದಿಯಲ್ಲಿ ಒಂದು ಬಿಳಿ ಧೋತರವನ್ನೋ ಥರ್ಮೋಕೋಲ್ ಹಲಗೆಯನ್ನೋ ಹಿಡಿದು ನಿಲ್ಲಬೇಕು. ಅದು ತಿರುಗಿಸಿ ಕೊಡುವ ಮೆಲುಬೆಳಕು ನೆರಳನ್ನು ಅಳಿಸದೆ ಹಗುರ ಮಾಡುತ್ತದೆ. ರಾತ್ರಿಯಾದರೆ ಒಂದು ಎಲ್‌ಇಡಿ ಟಾರ್ಚನ್ನು ಕೌದಿಯ ಮಟ್ಟದಲ್ಲೇ ಪಕ್ಕಕ್ಕೆ ಹಿಡಿದರೂ ಆದೀತು. ವಸ್ತುಸಂಗ್ರಹಾಲಯಗಳ ಸಂರಕ್ಷಣಾ ತಜ್ಞರು ಹಳೆಯ ವರ್ಣಚಿತ್ರ, ಹಸ್ತಪ್ರತಿ, ಜವಳಿಗಳ ಮೇಲ್ಮೈಯನ್ನು ಪರೀಕ್ಷಿಸುವುದೂ ಇದೇ ಬಗೆಯ ಓರೆ ಬೆಳಕಿನಲ್ಲಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ದಿಕ್ಕು. ಹೊಲಿಗೆಯ ಸಾಲಿನ ಉದ್ದಕ್ಕೇ ಬೆಳಕು ಹರಿದರೆ ಸಾಲುಗಳ ನಡುವಿನ ತಗ್ಗು ಕಾಣದು. ಸಾಲಿಗೆ ಅಡ್ಡಲಾಗಿ ಬಿದ್ದರೆ ಒಂದೊಂದು ಸಾಲಿಗೂ ನೆರಳು ಕಟ್ಟುತ್ತದೆ. ಆದರೆ ಹೊರಗಿನಿಂದ ಒಳಕ್ಕೆ ಚೌಕಚೌಕವಾಗಿ ಹೊಲಿದ ಕೌದಿಯಲ್ಲಿ ಸಾಲುಗಳು ಉದ್ದಕ್ಕೂ ಇವೆ, ಅಡ್ಡಕ್ಕೂ ಇವೆ. ಯಾವ ಬದಿಯಿಂದ ಬೆಳಕು ತಂದರೂ ಅರ್ಧ ಹೊಲಿಗೆ ಮಂಕಾಗುತ್ತದೆ. ಇದಕ್ಕೆ ಪರಿಹಾರ ಸುಲಭ: ಕೌದಿಯನ್ನು ತಿರುಗಿಸಿ, ಬೆಳಕು ಮೂಲೆಯಿಂದ ಮೂಲೆಗೆ ಹರಿಯುವಂತೆ ಹಾಸಬೇಕು. ಆಗ ಎರಡೂ ದಿಕ್ಕಿನ ಸಾಲುಗಳಿಗೆ ಸಮಪಾಲು ನೆರಳು.

ಮೊಬೈಲ್ ಹಿಡಿಯುವ ಬಗೆ

ದುಬಾರಿ ಕ್ಯಾಮೆರಾ ಇಲ್ಲವೆಂಬ ಕೊರಗು ಬೇಡ. ಈಗಿನ ಸಾಧಾರಣ ಮೊಬೈಲೂ ಟಾಕಿ ಎಣಿಸುವಷ್ಟು ಸ್ಪಷ್ಟ ಚಿತ್ರ ಕೊಡಬಲ್ಲದು. ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಒರೆಸುವುದರಿಂದ ಕೆಲಸ ಆರಂಭವಾಗಬೇಕು. ಮುಖ ನುಣುಪು ಮಾಡುವ ಬ್ಯೂಟಿ ಫಿಲ್ಟರ್ ಬಟ್ಟೆಯ ಎಳೆಗಳನ್ನೂ ನುಣುಪು ಮಾಡಿ ಅಳಿಸುವುದರಿಂದ ಅದನ್ನು ಮೊದಲೇ ನಿಲ್ಲಿಸಿರಬೇಕು.

ಇಡೀ ಕೌದಿಯ ಚಿತ್ರಕ್ಕೆ ಮೊಬೈಲಿನ ಅಗಲ ಲೆನ್ಸ್ ಬಳಸಿದರೆ ಚೌಕ ಅಂಚುಗಳು ಬಿಲ್ಲಿನಂತೆ ಬಾಗುತ್ತವೆ. ಸಾಧ್ಯವಾದಷ್ಟು ಹಿಂದೆ ಸರಿದು ಮುಖ್ಯ ಲೆನ್ಸಿನಲ್ಲೋ ಎರಡು ಪಟ್ಟಿನ ಜೂಮ್ ಲೆನ್ಸಿನಲ್ಲೋ ತೆಗೆಯುವುದು ಮೇಲು. ಮೊಬೈಲ್ ಮತ್ತು ಕೌದಿ ಒಂದಕ್ಕೊಂದು ಸಮಾನಾಂತರವಾಗಿರಲು ಪರದೆಯ ಮೇಲೆ ಅಡ್ಡ ಉದ್ದ ಗೆರೆಗಳನ್ನು ಮೂಡಿಸುವ ಗ್ರಿಡ್ ನೆರವಾಗುತ್ತದೆ. ಅಂಗಳದಲ್ಲಿ ಹಾಸಿದ ಕೌದಿಯನ್ನು ಮಾಳಿಗೆಯಿಂದ ಬಗ್ಗಿ ತೆಗೆಯುವುದು ಹಳ್ಳಿಯಲ್ಲಿ ಎಲ್ಲರ ಕೈಗೂ ಎಟುಕುವ ಉಪಾಯ.

ಕೆಂಪು ಚೂರುಗಳ ವಿಷಯದಲ್ಲಿ ಎಚ್ಚರ ಬೇಕು. ಕಡುಗೆಂಪನ್ನು ಮೊಬೈಲ್ ಉರಿಯುವ ಕೆಂಪಾಗಿಸಿ ಅದರೊಳಗಿನ ಹೊಲಿಗೆಯನ್ನು ಕರಗಿಸುತ್ತದೆ. ಪರದೆಯನ್ನು ಒತ್ತಿ ಫೋಕಸ್ ಮಾಡಿದ ಮೇಲೆ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದು ಬೆಳಕು ತಗ್ಗಿಸಿದರೆ ಕೆಂಪಿನೊಳಗಿನ ಬಿಳಿ ಟಾಕಿ ಮರಳಿ ಕಾಣುತ್ತದೆ.

ಹತ್ತಿರದ ಚಿತ್ರಕ್ಕೆ ತೀರ ಅಂಟಿಕೊಂಡು ಹಿಡಿದರೆ ಮೊಬೈಲಿಗೆ ಫೋಕಸ್ ಸಿಗುವುದಿಲ್ಲ. ಒಂದು ಗೇಣು ದೂರದಲ್ಲಿ ಹಿಡಿದು, ಆಮೇಲೆ ಬೇಕಾದಷ್ಟು ಕತ್ತರಿಸಿಕೊಂಡರೆ ಸಾಕು. ಪಕ್ಕದಲ್ಲಿ ದರ್ಜಿಯ ಟೇಪು ಇಡಬೇಕು. ಟೇಪಿನ ಒಂದು ಇಂಚಿನಲ್ಲಿ ಎಷ್ಟು ಟಾಕಿಗಳಿವೆ ಎಂಬುದನ್ನು ದೂರದ ಊರಿನಲ್ಲಿ ಕೂತು ನೋಡುವವರೂ ಎಣಿಸಬಹುದು. ಕೈಹೊಲಿಗೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಯಂತ್ರದ ಟಾಕಿ ಎಲ್ಲವೂ ಒಂದೇ ಅಳತೆಯದು, ಬಿಡುವಿಲ್ಲದ್ದು. ಕೈಯ ಟಾಕಿಗಳ ನಡುವೆ ಬಿಡುವಿರುತ್ತದೆ, ಅವುಗಳ ಉದ್ದದಲ್ಲಿ ಕೂದಲೆಳೆಯ ಏರುಪೇರಿರುತ್ತದೆ.

ಎಲ್ಲರೂ ಮರೆಯುವ ಚಿತ್ರವೊಂದಿದೆ, ಅದು ಕೌದಿಯ ಬೆನ್ನಿನದು. ಮುಂಭಾಗದಲ್ಲಿ ಚೂರುಗಳ ಬಣ್ಣ ಕಣ್ಣನ್ನು ಸೆಳೆದುಕೊಂಡು ಹೊಲಿಗೆಯಿಂದ ದೂರ ಒಯ್ಯುತ್ತದೆ. ಹಿಂಭಾಗದಲ್ಲಿ ಒಂದೇ ಸೀರೆಯ ಒಂದೇ ಬಣ್ಣವಿರುವುದರಿಂದ ಹೊಲಿಗೆಯ ಇಡೀ ನಕ್ಷೆ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಲಿದವಳು ಎಲ್ಲಿ ಶುರು ಮಾಡಿದಳು, ಮೂಲೆಯಲ್ಲಿ ಹೇಗೆ ತಿರುಗಿದಳು, ದಾರ ಮುಗಿದಾಗ ಎಲ್ಲಿ ಗಂಟು ಹಾಕಿದಳು ಎಂಬುದೆಲ್ಲ ಓದಲು ಸಿಗುತ್ತದೆ. ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡುವುದೂ ಇದೇ ಕೆಲಸ ಮಾಡುತ್ತದೆ. ಒಟ್ಟಿನಲ್ಲಿ ಒಂದು ಕೌದಿಗೆ ನಾಲ್ಕು ಚಿತ್ರಗಳಾದರೂ ಬೇಕು: ಇಡೀ ಮುಂಭಾಗ, ಇಡೀ ಬೆನ್ನು, ಒಂದು ಮೂಲೆ, ಟೇಪು ಇಟ್ಟ ಹತ್ತಿರದ ನೋಟ.

ಈಚಿನ ಕೌದಿಗಳಲ್ಲಿ ಪಾಲಿಯೆಸ್ಟರ್ ಸೀರೆಯ ಚೂರುಗಳೇ ಹೆಚ್ಚು. ನೂಲಿನ ಬಟ್ಟೆ ಬೆಳಕನ್ನು ಹೀರಿಕೊಂಡರೆ ಇವು ಮಿಂಚುತ್ತವೆ, ಬಿಸಿಲಿನಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆ ಬೀಳುತ್ತವೆ. ಇಂಥವನ್ನು ಬಾಗಿಲಿನ ಬೆಳಕಿನಲ್ಲಿ ತೆಗೆಯುವುದೇ ಕ್ಷೇಮ. ಎರಡೂ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕಸೂತಿಯ ಚಿತ್ರ ತೆಗೆಯುವವರಿಗೆ ಕನ್ನಡಿಯ ಚೂರುಗಳದ್ದೇ ತೊಂದರೆ. ಅವು ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತವೆ, ಚಿತ್ರ ತೆಗೆಯುವವರ ಅಂಗಿಯನ್ನೂ ಬಿಡುವುದಿಲ್ಲ. ಎದುರಿಗೆ ಒಂದು ಬಿಳಿ ಬಟ್ಟೆ ಹಿಡಿಸಿದರೆ ಕನ್ನಡಿಗಳೆಲ್ಲ ಒಂದೇ ಸಮನೆ ಬೆಳ್ಳಗಾಗಿ ಸುತ್ತಲಿನ ಹೊಲಿಗೆ ಸ್ಪಷ್ಟವಾಗುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಅದರ ಹದಿನಾಲ್ಕು ಬಗೆಯ ಹೊಲಿಗೆಗಳಲ್ಲಿ ಒಂದರ ಹೆಸರೇ ಕೌದಿ.  

ತೆಗೆದ ಚಿತ್ರವನ್ನು ಕಳಿಸುವಾಗಲೂ ಹೊಲಿಗೆ ಕಳೆದುಹೋಗುತ್ತದೆ. ವಾಟ್ಸ್‌ಆ್ಯಪ್ ಮಾಮೂಲಾಗಿ ಚಿತ್ರವನ್ನು ಕುಗ್ಗಿಸಿ ರವಾನಿಸುವುದರಿಂದ ಟಾಕಿಗಳು ಮಸುಕಾಗುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಲ್ಲಿದ್ದಂತೆಯೇ ತಲುಪುತ್ತದೆ.

ಕೌದಿಗೆ ನೋವಾಗದಂತೆ

ಕೌದಿಯನ್ನು ಹಗ್ಗಕ್ಕೆ ಎರಡು ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದರೆ ಅದರ ಭಾರವೆಲ್ಲ ಆ ಎರಡು ಕಡೆಯೇ ಬೀಳುತ್ತದೆ. ಅಂಚು ಜೋತು ಬಿದ್ದು ಚಿತ್ರ ಕೆಡುತ್ತದೆ, ಹಳೆಯ ದಾರವಾದರೆ ಹರಿಯಲೂಬಹುದು. ಉದ್ದನೆಯ ಬಿದಿರಿನ ಕೋಲಿನ ಮೇಲೆ ಮೇಲಂಚನ್ನು ಹೊದಿಸಿ, ಭಾರ ಎಲ್ಲ ಕಡೆ ಹಂಚಿಹೋಗುವಂತೆ ಮಾಡಬೇಕು. ತೀರ ಜೀರ್ಣವಾದದ್ದನ್ನು ಹಾಸಿಯೇ ತೆಗೆಯಬೇಕು. ಬಟ್ಟೆಯ ಬಣ್ಣಕ್ಕೆ ಬೆಳಕು ಮಾಡುವ ಹಾನಿ ಮರಳಿ ಸರಿಪಡಿಸಲಾಗದ್ದು. ವಸ್ತುಸಂಗ್ರಹಾಲಯಗಳಲ್ಲಿ ಜವಳಿಗೆ 50 ಲಕ್ಸ್‌ನಷ್ಟು ಮಂದ ಬೆಳಕನ್ನೇ ಇಡುವುದು ಇದಕ್ಕಾಗಿ. ದಿನಬಳಕೆಯ ಕೌದಿಗೆ ಕೆಲವು ನಿಮಿಷಗಳ ಬಿಸಿಲು ತೊಂದರೆ ಕೊಡದು. ಅಜ್ಜಿಯ ಕಾಲದ್ದಕ್ಕೆ ಮಾತ್ರ ಬಾಗಿಲ ಬೆಳಕೇ ಸಾಕು.

ಜಗತ್ತು ನೋಡಿದ ಹೊದಿಕೆಗಳು

ಹೊಲಿಗೆಗೂ ಛಾಯಾಚಿತ್ರಕ್ಕೂ ನಂಟು ಹಳೆಯದು. ಛಾಯಾಗ್ರಹಣದ ಪಿತಾಮಹರಲ್ಲೊಬ್ಬರಾದ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಿಂದ ಕಂತುಗಳಲ್ಲಿ ಹೊರತಂದ ‘ದಿ ಪೆನ್ಸಿಲ್ ಆಫ್ ನೇಚರ್’ ಪುಸ್ತಕದಲ್ಲಿ ಲೇಸಿನ ತುಂಡೊಂದರ ಚಿತ್ರವಿದೆ. ಒಂದೊಂದು ನೂಲನ್ನೂ ಎಣಿಸಬಹುದಾದ ಚಿತ್ರ ಅದು. ಹೊಸ ವಿದ್ಯೆಯ ಬಲವನ್ನು ತೋರಿಸಲು ಅವರು ಆರಿಸಿಕೊಂಡ ವಸ್ತುಗಳಲ್ಲಿ ಕೈಗೆಲಸದ ನೂಲೂ ಒಂದಾಗಿತ್ತು.

ಹೊದಿಕೆಯನ್ನು ಹಾಸಿಗೆಯಿಂದ ಗೋಡೆಗೆ ಏರಿಸಿದ್ದು ಬಹಳ ತಡವಾಗಿ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಚೂರುಬಟ್ಟೆಯ ಹೊದಿಕೆಗಳನ್ನು ವರ್ಣಚಿತ್ರಗಳಂತೆ ತೂಗುಹಾಕಿ ಪ್ರದರ್ಶಿಸಿತು. ಹತ್ತು ವರ್ಷಗಳ ಮೇಲೆ, 1981ರಲ್ಲಿ, ಕೆಂಟಕಿ ರಾಜ್ಯದಲ್ಲಿ ಒಂದು ಸರಳ ಯೋಜನೆ ಶುರುವಾಯಿತು. ಗೊತ್ತುಪಡಿಸಿದ ದಿನಗಳಂದು ಜನ ತಮ್ಮ ಮನೆಯ ಹಳೆಯ ಹೊದಿಕೆಗಳನ್ನು ತರುವುದು, ಕಾರ್ಯಕರ್ತರು ಚಿತ್ರ ತೆಗೆದು ಹೊಲಿದವರ ವಿವರ ಬರೆದುಕೊಳ್ಳುವುದು. ಹೀಗೆ ಸಾವಿರಕ್ಕೂ ಹೆಚ್ಚು ಹೊದಿಕೆಗಳು ದಾಖಲಾದವು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಇಂದು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯ ನೋಡಿಕೊಳ್ಳುವ ‘ಕ್ವಿಲ್ಟ್ ಇಂಡೆಕ್ಸ್’ ಸಂಗ್ರಹದಲ್ಲಿ 90 ಸಾವಿರಕ್ಕೂ ಹೆಚ್ಚು ಹೊದಿಕೆಗಳ ಚಿತ್ರ, ವಿವರಗಳಿವೆ.

ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಥೆ ನಮ್ಮ ಕೌದಿಗೆ ಇನ್ನೂ ಹತ್ತಿರದ್ದು. ಗುಲಾಮರಾಗಿ ಹತ್ತಿಯ ತೋಟದಲ್ಲಿ ದುಡಿದವರ ವಂಶದ ಕಪ್ಪು ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ ಚಳಿಗೆಂದು ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅವುಗಳಲ್ಲಿ ಹತ್ತು ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದವು. 2007ರಲ್ಲಿ ಕೆಲವು ಹೆಂಗಸರು, ತಮ್ಮ ಕೆಲಸದಿಂದ ಬಂದ ಹಣದಲ್ಲಿ ನ್ಯಾಯವಾದ ಪಾಲು ತಮಗೆ ಸಿಕ್ಕಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿಯಾಯಿತು. ಹೊದಿಕೆಯ ಚಿತ್ರ ಎಲ್ಲೆಡೆ ಹರಡಿದಾಗ ಅದರ ಹಕ್ಕು, ಹೆಸರು ಯಾರದೆಂಬುದು ಮೊದಲೇ ಇತ್ಯರ್ಥವಾಗಿರಬೇಕೆಂಬ ಪಾಠ ಇದರಲ್ಲಿದೆ.

ಕರ್ನಾಟಕದಲ್ಲೂ ಒಂದು ಮೇಲ್ಪಂಕ್ತಿಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಹೊದಿಕೆಯನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅಧ್ಯಯನ ಮಾಡಿದರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಹೊಲಿಗೆಯ ಸಹಕಾರಿ ಕೂಟ ರೂಪುಗೊಂಡಿತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಆಫ್ ದಿ ಆಫ್ರಿಕನ್ ಡಯಾಸ್ಪೋರಾದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಕವಂದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುವ ‘ಫೂಲ’ ಇರಲೇಬೇಕು, ಇಲ್ಲದಿದ್ದರೆ ಅದು ಬೆತ್ತಲೆಯೆಂದು ಸಿದ್ದಿ ಹೆಂಗಸರು ಭಾವಿಸುತ್ತಾರೆ. ಕವಂದಿಯನ್ನು ಬಲ್ಲವರು ಮೂಲೆಯ ಚಿತ್ರವನ್ನು ತಪ್ಪದೆ ತೆಗೆಯುವುದು ಅದಕ್ಕೇ. ಗಡಿಯಾಚೆಯ ಮಹಾರಾಷ್ಟ್ರದ ಗೋಧಡಿಗಳನ್ನು ಗೀತಾ ಖಂಡೇಲ್ವಾಲ್ ಪುಸ್ತಕವಾಗಿ ದಾಖಲಿಸಿದ್ದಾರೆ. ಇಡೀ ಭಾರತದ ಹೊದಿಕೆಗಳ ಮೇಲೆ ಪ್ಯಾಟ್ರಿಕ್ ಜೆ. ಫಿನ್ ಅವರ ‘ಕ್ವಿಲ್ಟ್ಸ್ ಆಫ್ ಇಂಡಿಯಾ’ 2014ರಲ್ಲಿ ಬಂದಿದೆ. ಬಸವಕಲ್ಯಾಣ, ಹುಮನಾಬಾದ್‌ಗಳ ಕೌದಿಗಳಿಗೂ ಇಂಥ ದಾಖಲೆ ಸಲ್ಲಬೇಕು.

ಚಿತ್ರದ ಜೊತೆ ಹೆಸರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಶರಣರು ತಮ್ಮ ಕಾಯಕದಿಂದಲೇ ಗುರುತಾದರು. ಅವರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ, ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಾರೆ. ಸೂಜಿಗೂ ಕದಿರಿಗೂ ಹೆಸರಿನಲ್ಲೇ ಜಾಗ ಕೊಟ್ಟ ಊರು ಇದು. ಅದೇ ಊರಿನಲ್ಲಿ ಇಂದು ಕೌದಿ ಹೊಲಿಯುವ ಹೆಂಗಸಿನ ಹೆಸರು ಮನೆಯ ಹೊರಗೆ ಯಾರಿಗೂ ತಿಳಿಯದು. ಕೌದಿಯ ಚಿತ್ರ ಹತ್ತು ಕೈ ದಾಟಿ ಹೋಗುತ್ತದೆ, ಹೊಲಿದವಳ ಹೆಸರು ಮೊದಲ ಕೈಯಲ್ಲೇ ಉಳಿಯುತ್ತದೆ.

ಆದ್ದರಿಂದ ಚಿತ್ರದ ಕೆಲಸ ಕ್ಯಾಮೆರಾ ಕೆಳಗಿಟ್ಟ ಮೇಲೂ ಮುಗಿಯುವುದಿಲ್ಲ. ಹೊಲಿದವರ ಹೆಸರು, ಊರು, ಹೊಲಿದ ವರ್ಷ, ಉದ್ದ ಅಗಲ, ಎಷ್ಟು ಪದರ, ಇಂಚಿಗೆ ಎಷ್ಟು ಟಾಕಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯ ಚಿತ್ರವನ್ನೂ ತೆಗೆದಿಟ್ಟರೆ ಮುಂದೆ ಗೊಂದಲವಾಗದು. ಹೆಸರು ಹಾಕಲು, ಚಿತ್ರ ಹಂಚಲು ಒಪ್ಪಿಗೆ ಕೇಳಬೇಕು. “ಆಯಿ, ಈ ಚೂರು ಯಾರ ಸೀರೀದು?” ಎಂದು ಕೇಳಿದರೆ ಸಾಕು, ಮದುವೆಯ ಸೀರೆ, ತವರಿನ ಖಣ, ತೊಟ್ಟಿಲ ಬಟ್ಟೆ ಎಂದು ಒಂದೊಂದು ಚೂರಿನ ಹಿಂದಿನ ಸಂಗತಿ ಹೊರಬರುತ್ತದೆ. ಅದನ್ನು ಅವರದೇ ದನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬಹುದು. ಸ್ವಸಹಾಯ ಸಂಘಗಳ ಮೂಲಕ ಮೇಳಗಳಲ್ಲಿ ಕೌದಿ ಮಾರುವವರು ಓರೆ ಬೆಳಕಿನ ಒಂದು ಹತ್ತಿರದ ಚಿತ್ರವನ್ನೂ ಹೊಲಿದವರ ಹೆಸರನ್ನೂ ಪಕ್ಕದಲ್ಲಿಟ್ಟರೆ ಚೌಕಾಸಿ ಮಾಡುವವರೊಂದಿಗೆ ವಾದ ಮಾಡುವ ಕೆಲಸ ಅರ್ಧ ಕಡಿಮೆಯಾದೀತು.

ದಾಖಲೆಗೆ ಒಳ್ಳೆಯ ಕಾಲವೂ ವರ್ಷಕ್ಕೊಮ್ಮೆ ತಾನಾಗಿ ಬರುತ್ತದೆ. ದಸರೆಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕುವ ರೂಢಿ ಈ ಭಾಗದಲ್ಲಿದೆ. ವರ್ಷವಿಡೀ ಗಂಟಿನಲ್ಲಿದ್ದ ಕೌದಿಗಳೂ ಆಗ ಹೊರಬರುತ್ತವೆ. ಒಗೆದು ಶುಭ್ರವಾದ ಕೌದಿ, ಬೆಳಗಿನ ಓರೆ ಬಿಸಿಲು, ಅಗಲವಾದ ಮಾಳಿಗೆ ಮೂರೂ ಒಟ್ಟಿಗೆ ಸಿಗುತ್ತವೆ. ಎರಡೂ ತಾಲ್ಲೂಕುಗಳ ಶಾಲೆ, ಕಾಲೇಜುಗಳು ಆ ವಾರದಲ್ಲಿ ಒಂದು ದಿನವನ್ನು ಕೌದಿಗೆಂದು ಮೀಸಲಿಟ್ಟು, ವಿದ್ಯಾರ್ಥಿಗಳು ತಮ್ಮ ಓಣಿಯ ಕೌದಿಗಳನ್ನಷ್ಟೇ ದಾಖಲಿಸಿದರೂ ಕೆಲವೇ ವರ್ಷಗಳಲ್ಲಿ ದೊಡ್ಡ ಸಂಗ್ರಹವಾಗುತ್ತದೆ. ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಯೋಜನೆಯಲ್ಲಿ ಸೂಜಿಯ ಕಾಯಕಕ್ಕೊಂದು ಗೋಡೆ ಕೊಟ್ಟು ಅಲ್ಲಿ ಈ ಚಿತ್ರಗಳನ್ನು, ಹೆಸರುಗಳ ಸಮೇತ, ತೂಗುಹಾಕಿದರೆ ಆ ಊರಿನ ಪರಂಪರೆಗೆ ಅದು ಒಪ್ಪುತ್ತದೆ.

ಸರ್ಕಾರ, ಸಂಸ್ಥೆಗಳು ಮನಸ್ಸು ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ನೂಲಿನ ಸೀರೆ ಉಡುವವರೇ ಕಡಿಮೆಯಾಗಿರುವಾಗ ಹಳೆಯ ಬಗೆಯ ಕೌದಿ ಮತ್ತೆ ಹೊಲಿಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮನೆಯಲ್ಲಿ ಅಂಥ ಕೌದಿಯಿದ್ದವರು ಈ ದಸರೆಗೆ ಅದನ್ನು ಒಗೆದು ಒಣಹಾಕಿದ ಮರುದಿನ, ಬೆಳಿಗ್ಗೆ ಏಳೂವರೆಗೆ ಮಾಳಿಗೆಯ ಮೇಲೆ ಹಾಸಿ, ಫ್ಲ್ಯಾಷ್ ಆರಿಸಿ ನಾಲ್ಕು ಚಿತ್ರ ತೆಗೆಯಲಿ. ಹೊಲಿದವರು ಬದುಕಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿ ಐದನೆಯದನ್ನೂ ತೆಗೆದು, ಕೆಳಗೆ ಅವರ ಪೂರ್ತಿ ಹೆಸರು ಬರೆಯಲಿ.